ಅವ್ವ ಹೊಲಿದಿಟ್ಟ ಚೀಟಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಗುತ್ತಿದ್ದವನು ನಾನು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುನಗುಂದದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಲೆಕ್ಕದ ಮಾಸ್ತರನಿಗೆ ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕೇ ಬರಬೇಕು, ಬರದಿದ್ದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ. ನಮ್ಮ ಚರ್ಚಿನ ಸಭೆಯಲ್ಲಿ ಕೆಲವರಿಗೆ ಒಂದು ರೂಢಿಯಿತ್ತು. ಸಂಕಟ ಬಂದಾಗ ಕಣ್ಣು ಮುಚ್ಚಿ ಬೈಬಲ್ ತೆರೆಯುವರು, ಬೆರಳು ಎಲ್ಲಿ ಬಿತ್ತೋ ಆ ವಚನವೇ ದೇವರ ಉತ್ತರ ಎನ್ನುವರು. "ಬೆರಳು ವಂಶಾವಳಿ ಮ್ಯಾಲ ಬಿದ್ರ ಏನ್ ಮಾಡ್ತೀರಿ?" ಎಂದು ನಾನು ಕೀಟಲೆ ಮಾಡುತ್ತಿದ್ದೆ. ನನಗೆ ದೇವರಲ್ಲಿ ನಂಬಿಕೆ ಇರಲಿಲ್ಲವೆಂದಲ್ಲ. ದಿನವೂ ಬೈಬಲ್ ಓದುತ್ತಿದ್ದೆ, ಪ್ರಾರ್ಥನೆ ಮಾಡುತ್ತಿದ್ದೆ. ಆದರೆ ದೇವರು ಶಕುನದ ಹಕ್ಕಿಯವನಲ್ಲ ಎಂಬುದು ನನ್ನ ವಾದವಾಗಿತ್ತು. ಈಗಲೂ ಆ ವಾದ ಬಿಟ್ಟಿಲ್ಲ, ಗಟ್ಟಿಯಾಗಿ ಹೇಳುವುದನ್ನು ಮಾತ್ರ ಬಿಟ್ಟಿದ್ದೇನೆ.

ನಮ್ಮದು ಇಳಕಲ್ಲಿನಲ್ಲಿ ನೇಕಾರರ ಮನೆ. ಅಜ್ಜನ ಕಾಲದಲ್ಲೇ ಕ್ರಿಸ್ತನನ್ನು ನಂಬಿದವರು. ಓಣಿಯ ಉಳಿದ ಮನೆಗಳಲ್ಲಿ ಹೆಚ್ಚಿನವರು ಬಸವಣ್ಣನ ಭಕ್ತರು. ಬೆಳಿಗ್ಗೆ ಆ ಕಡೆ ಲಿಂಗಪೂಜೆಯ ಗಂಟೆ, ಈ ಕಡೆ ನಮ್ಮ ಹಾಡು. ಯಾರಿಗೂ ಯಾರಿಂದಲೂ ತೊಂದರೆಯಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯ ಮಗ್ಗ ನಿಂತುಹೋಯಿತು. ಅವ್ವ ಮಾತ್ರ ರಾಟೆ ಬಿಡಲಿಲ್ಲ, ಅವರಿವರ ಮಗ್ಗಗಳಿಗೆ ನೂಲು ಸುತ್ತಿಕೊಡುತ್ತಿದ್ದಳು.

ಸಂಜೆ ದೀಪ ಹಚ್ಚಿದೊಡನೆ ಒಂದು ಅಧ್ಯಾಯ ಓದುವುದು ನಮ್ಮ ಮನೆಯ ಕಟ್ಟಳೆ. ಆದಿಕಾಂಡದಿಂದ ಪ್ರಕಟನೆಯವರೆಗೆ ಸಾಲಾಗಿ, ಒಂದನ್ನೂ ಬಿಡುವಂತಿಲ್ಲ. ದಿನಕ್ಕೊಂದರಂತೆ ಪೂರ್ತಿ ಬೈಬಲ್ ಮುಗಿಯಲು ಮೂರು ವರ್ಷದ ಮೇಲೆ ಮೂರು ತಿಂಗಳು ಬೇಕು. ಮುಗಿದ ಮರುದಿನ ಮತ್ತೆ ಆದಿಕಾಂಡ. ಅಪ್ಪನ ನಂತರ ಓದುವ ಕೆಲಸ ನನ್ನದಾಯಿತು. ಅವ್ವನಿಗೆ ಓದು ಬರದು. ಆದರೆ ಕೇಳಿ ಕೇಳಿ ಯಾವ ಅಧ್ಯಾಯ ಹೇಗೆ ಶುರುವಾಗುತ್ತದೆ ಎಂಬುದು ಅವಳ ಬಾಯಲ್ಲೇ ಇತ್ತು. ನಾನು ಓದಿ ನಿಲ್ಲಿಸಿದ ಕೂಡಲೇ ಮಗ್ಗದ ಮೂಲೆಯಿಂದ "ಆಮೆನ್" ಎನ್ನುತ್ತಿದ್ದಳು, ಓಣಿಯ ಆಚೆ ಮನೆಗೆ ಕೇಳುವಷ್ಟು ಗಟ್ಟಿಯಾಗಿ. ದೇವಾಲಯದಲ್ಲಿ ಕರಿಹಲಗೆಯ ಮೇಲೆ ಆ ದಿನದ ಹಾಡಿನ ಸಂಖ್ಯೆಗಳನ್ನು ಬರೆದಿಡುತ್ತಿದ್ದರು. ಅವ್ವ ಎಲ್ಲರಂತೆ ಹಾಡಿನ ಪುಸ್ತಕ ತೆರೆದು ಮುಂದೆ ಹಿಡಿದುಕೊಳ್ಳುವಳು. ಪಕ್ಕದವರನ್ನು ನೋಡಿ ಅಂದಾಜಿನ ಮೇಲೆ ತೆರೆಯುತ್ತಾಳೆ ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ.

ಇನ್ನು ಚೀಟಿಯ ವಿಷಯ. ಹೊಸವರ್ಷದ ದಿನ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ನಮ್ಮಲ್ಲಿ ವಾಗ್ದಾನದ ಚೀಟಿ ತೆಗೆಯುತ್ತಾರೆ. ದೇವರು ತನ್ನ ಜನಕ್ಕೆ ಕೊಟ್ಟ ಮಾತುಗಳಿರುವ ವಚನಗಳನ್ನು ಆರಿಸಿ, ಪುಸ್ತಕದ ಹೆಸರು, ಅಧ್ಯಾಯ, ವಚನದ ಅಂಕಿ ಇಷ್ಟನ್ನೇ ಸಣ್ಣ ಚೀಟಿಗಳಲ್ಲಿ ಬರೆದು, ಸುರುಳಿ ಸುತ್ತಿ ಹಿತ್ತಾಳೆಯ ತಟ್ಟೆಯಲ್ಲಿ ಇಡುತ್ತಾರೆ. ಒಬ್ಬೊಬ್ಬರಾಗಿ ಬಂದು ಒಂದೊಂದು ತೆಗೆದುಕೊಳ್ಳಬೇಕು. ಆಮೇಲೆ ತಮ್ಮ ಬೈಬಲ್ಲಿನಲ್ಲಿ ಆ ವಚನ ಹುಡುಕಿ ಓದಿದರೆ, ಅದೇ ಅವರಿಗೆ ಆ ವರ್ಷದ ಬುತ್ತಿ. ನನ್ನ ಅಕ್ಷರ ಚೆನ್ನಾಗಿದೆ ಎಂದು ಸಭಾಪಾಲಕರಾದ ಅಯ್ಯನವರು ಚೀಟಿ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ನನಗೂ ಅದರ ಜಂಬ ಇತ್ತು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಅವ್ವನಿಗೆ ಉಸಿರಾಟದ ತ್ರಾಸು ಶುರುವಾಯಿತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುವಳು. ಬಾಗಲಕೋಟೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಡಾಕ್ಟರರು ಅವಳನ್ನು ಹೊರಗೆ ಕೂಡಿಸಿ ನನ್ನೊಬ್ಬನನ್ನೇ ಒಳಗೆ ಕರೆದರು. "ಹೃದಯ ಭಾಳ ವೀಕ್ ಐತ್ರಿ ಮಾಸ್ತರ. ವರ್ಷ ಅಂತ ಹೇಳಲಿಕ್ಕೂ ಧೈರ್ಯ ಇಲ್ಲ" ಎಂದರು. ಬಸ್ಸಿನಲ್ಲಿ ಅವ್ವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು, ಏನೆಂದರು ಎಂದು ಒಮ್ಮೆಯೂ ಕೇಳಲಿಲ್ಲ. ನನಗೆ ಅಪ್ಪ ಹೋದಾಗಲೂ ಅಷ್ಟು ಹೆದರಿಕೆಯಾಗಿರಲಿಲ್ಲ.

ಆ ಚಿಂತೆಯಲ್ಲೇ ಚೀಟಿ ಬರೆಯಲು ಕೂತೆ. ಅಯ್ಯನವರ ಪಟ್ಟಿಯಲ್ಲಿ ಯೆಶಾಯನ ಪುಸ್ತಕದ ಮೂವತ್ತೆಂಟನೇ ಅಧ್ಯಾಯದ ಐದನೇ ವಚನ ಇತ್ತು. ಆ ಅಧ್ಯಾಯದ ಕಥೆ ನಮ್ಮವರಿಗೆಲ್ಲ ಗೊತ್ತು. ಹಿಜ್ಕೀಯನೆಂಬ ರಾಜ ಕಾಯಿಲೆ ಬಿದ್ದಿರುತ್ತಾನೆ. ಮನೆಯ ವ್ಯವಸ್ಥೆ ಮಾಡಿಕೋ, ನೀನು ಉಳಿಯುವುದಿಲ್ಲ ಎಂದು ಪ್ರವಾದಿ ಬಂದು ಹೇಳುತ್ತಾನೆ. ಇದು ಮೊದಲನೇ ವಚನ. ರಾಜ ಗೋಡೆಯ ಕಡೆ ಮುಖ ಮಾಡಿ ಅಳುತ್ತಾನೆ. ದೇವರು ಮನಸ್ಸು ಕರಗಿ, ನಿನ್ನ ಆಯುಷ್ಯಕ್ಕೆ ಇನ್ನೂ ಹದಿನೈದು ವರ್ಷ ಸೇರಿಸಿದ್ದೇನೆ ಎನ್ನುತ್ತಾನೆ. ಇದು ಐದನೇ ವಚನ. ಅದನ್ನು ಬರೆಯುವ ಹೊತ್ತಿಗೆ ಪೆನ್ನಿನ ನೀಲಿ ಶಾಯಿ ತೀರಿತ್ತು. ಮಕ್ಕಳ ಪೇಪರು ತಿದ್ದುವ ಕೆಂಪು ಶಾಯಿಯಲ್ಲಿ ಬರೆದು ಪಟ್ಟಿಗೆ ಗುರುತು ಹಾಕಿದೆ. ಇದು ಅವ್ವನಿಗೆ ಬರಲಿ ಎಂದು ಮನಸ್ಸು ಹೇಳಿತೆಂಬುದನ್ನೂ ಮುಚ್ಚಿಡುವುದಿಲ್ಲ. ಶಕುನದವರನ್ನು ಗೇಲಿ ಮಾಡುತ್ತಿದ್ದ ಗಣಿತದ ಮಾಸ್ತರ ಚೀಟಿಯ ಮುಂದೆ ಕೈಮುಗಿದು ಕೂತಿದ್ದ. ಕೆಂಪು ಶಾಯಿಯದು ಆ ವರ್ಷ ಅದೊಂದೇ ಚೀಟಿ.

ಹೊಸವರ್ಷದ ಬೆಳಿಗ್ಗೆ ಅವ್ವ ನನ್ನ ತೋಳು ಹಿಡಿದುಕೊಂಡು ತಟ್ಟೆಯವರೆಗೆ ನಡೆದಳು. ಕೈಯಾಡಿಸಿ ಒಂದು ಸುರುಳಿ ತೆಗೆದಳು. ಬೆಂಚಿಗೆ ಬಂದು ಕೂತು ತಾನೇ ಬಿಡಿಸಿ ನೋಡಿದಳು, ಆಮೇಲೆ ನನ್ನ ಕೈಗೆ ಕೊಟ್ಟಳು. ಕೆಂಪು ಶಾಯಿ! ಎದೆಯಲ್ಲಿ ಹಾಲು ಹೊಯ್ದಂತಾಯಿತು. ಆದರೆ ಅಂಕಿ ನೋಡಿದೆ: ಯೆಶಾಯ ೩೮:೧.

ಐದು ಅಲ್ಲ, ಒಂದು. ನನ್ನದೇ ಅಕ್ಷರ. ಕನ್ನಡದ ಒಂದಕ್ಕೂ ಐದಕ್ಕೂ ಎಲ್ಲಿಯ ಹೋಲಿಕೆ? ಒಂದನೇ ಇಯತ್ತೆಯ ಹುಡುಗನೂ ತಪ್ಪುವುದಿಲ್ಲ. ಕೈ ನಡುಗತೊಡಗಿತು.

"ಏನ್ ಬಂತೋ ತಮ್ಮಾ?" ಎಂದಳು ಅವ್ವ.

"ಯೆಶಾಯ ಮೂವತ್ತೆಂಟು" ಎಂದೆ. ಬೈಬಲ್ ತೆರೆದು, ಮೊದಲನೇ ವಚನವನ್ನು ಹೆಬ್ಬೆರಳಿನಿಂದ ಮುಚ್ಚಿ, ಐದನೆಯದನ್ನು ಓದಿದೆ. ಹದಿನೈದು ವರ್ಷ ಎಂಬಲ್ಲಿ ನನ್ನ ಧ್ವನಿ ಒಡೆಯಿತು. ಅವ್ವ ಸಂತೋಷಕ್ಕೆ ಎಂದುಕೊಂಡಿರಬೇಕು ಎಂದು ನಾನು ತಿಳಿದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು. ನಂತರ "ಆಮೆನ್" ಎಂದಳು, ಎಂದಿನಷ್ಟು ಗಟ್ಟಿಯಾಗಿ ಅಲ್ಲ.

ದೇವರ ವಾಕ್ಯವನ್ನು ದೇವರ ಮನೆಯಲ್ಲೇ ಕೂತು ಸುಳ್ಳು ಓದಿದ್ದೆ. ಮನೆಗೆ ಬಂದು ಪಟ್ಟಿ ತೆಗೆದು ನೋಡಿದರೆ ಅದರಲ್ಲಿ ಐದು ಎಂದೇ ಇದೆ, ಗುರುತೂ ಇದೆ. ಅವ್ವನ ಚಿಂತೆಯಲ್ಲಿ ಕೈ ತಪ್ಪಿ ಒಂದು ಎಂದು ಬರೆದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಲೆಕ್ಕದ ಮಾಸ್ತರನ ಉತ್ತರ ಅದು. ಆದರೆ ಅಷ್ಟು ಜನರ ನಡುವೆ ಆ ತಪ್ಪಿದ ಚೀಟಿ ಅವಳ ಕೈಗೇ ಯಾಕೆ ಬರಬೇಕು ಎಂಬುದಕ್ಕೆ ಉತ್ತರವಿರಲಿಲ್ಲ.

ಅಂದೇ ಮಧ್ಯಾಹ್ನ ಅವ್ವ ಸೀರೆಯ ದಡಿಯ ತುಂಡೊಂದನ್ನು ಮಡಚಿ, ಚೀಟಿಯನ್ನು ಒಳಗಿಟ್ಟು, ಕೆಂಪು ರೇಷ್ಮೆ ಎಳೆಯಿಂದ ನಾಲ್ಕೂ ಕಡೆ ಹೊಲಿದು ಕೊರಳಿಗೆ ಕಟ್ಟಿಕೊಂಡಳು. ಮುಂದಿನ ಭಾನುವಾರ ಅಯ್ಯನವರು ಅದನ್ನು ಕಂಡು, "ಸುಂದರವ್ವ, ಇದೇನು ತಾಯತ ಕಟ್ಟಿ?" ಎಂದು ಗದರಿದರು. "ತಾಯತ ಅಲ್ರಿ, ನೀವು ಕೊಟ್ಟ ಚೀಟೀನ. ಕಳೀಬಾರದಂತ ಹೊಲಕೊಂಡೀನ್ರಿ" ಎಂದಳು. ಬೇರೆ ವರ್ಷಗಳ ಚೀಟಿಗಳನ್ನೆಲ್ಲ ಅವಳು ಬೈಬಲ್ಲಿನ ಹಾಳೆಗಳ ನಡುವೆ ಇಡುತ್ತಿದ್ದಳು. ಕೊರಳಿಗೆ ಏರಿದ್ದು ಅದೊಂದೇ.

ಆ ವರ್ಷವನ್ನು ನಾನು ಹೇಗೆ ಕಳೆದೆನೋ! ಶಾಲೆಯ ಬಾಗಿಲಲ್ಲಿ ಯಾರಾದರೂ ಅಪರಿಚಿತರು ನಿಂತರೆ ಸುದ್ದಿ ತಂದಿದ್ದಾರೆ ಎಂದು ಕೈಯಲ್ಲಿನ ಸೀಮೆಸುಣ್ಣ ಬೀಳುತ್ತಿತ್ತು. ಸಂಜೆ ಹುನಗುಂದದಿಂದ ಬಸ್ಸಿಳಿದು ಓಣಿಯ ತಿರುವಿನವರೆಗೆ ಓಡುತ್ತಿದ್ದೆ. ಅಲ್ಲಿ ರಾಟೆಯ ಸದ್ದು ಕಿವಿಗೆ ಬಿದ್ದಮೇಲೆಯೇ ನಡೆಯುತ್ತಿದ್ದೆ. ಅವ್ವ ಕೆಮ್ಮಿದರೆ ಎದ್ದು ಕೂಡುವುದು, ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲ ಎಂದು ಎದ್ದು ಕೂಡುವುದು. ಆಗಿನ್ನೂ ಮದುವೆಯಾಗಿ ಬಂದಿದ್ದ ಸುಶೀಲಾ, "ಏನ್ರಿ, ಅತ್ತಿ ಆರಾಮ ಮಲಗ್ಯಾರ. ನೀವ ಜಡ್ಡಿನವರ ಹಂಗ ಕಾಣಾಕತ್ತೀರಿ" ಎನ್ನುತ್ತಿದ್ದಳು. ಅವಳಿಗೂ ನಾನು ಹೇಳಲಿಲ್ಲ.

ಅವ್ವ ಸಾಯಲಿಲ್ಲ. ಯುಗಾದಿಯ ಹೊತ್ತಿಗೆ ಗೋಡೆ ಬಿಟ್ಟು ನಡೆದಳು. ಡಾಕ್ಟರರು ಎದೆಗೆ ಕೊಳವೆ ಇಟ್ಟು ಎರಡೆರಡು ಸಲ ಕೇಳಿ, ಅದೇ ಗುಳಿಗೆ ಮುಂದುವರಿಸಿ ಎಂದರು. ಆದರೆ ಅವಳ ನಡವಳಿಕೆಯಲ್ಲಿ ಒಂದು ಬದಲಾವಣೆ ಬಂತು. ದಿನಾ ಸಂಜೆ ಓದಿನ ನಂತರ ಪಾತ್ರೆಗಳನ್ನೆಲ್ಲ ತಿಕ್ಕಿ ಬೋರಲು ಹಾಕುವಳು, ಕೊಡ ತುಂಬಿಡುವಳು, ಯಾರದಾದರೂ ಜರಡಿ ತಂದಿದ್ದರೆ ಅಂದೇ ಮುಟ್ಟಿಸಿ ಬರುವಳು. ಆರೇಳು ವರ್ಷ ಮಾತು ಬಿಟ್ಟಿದ್ದ ಎದುರು ಮನೆಯ ನೀಲವ್ವನ ಹೊಸ್ತಿಲಿಗೆ ಒಂದು ದಿನ ತಾನೇ ಹೋಗಿ ಕೂತು ಮಾತಾಡಿಸಿ ಬಂದಳು. ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಬಿಳಿ ಸೀರೆ ಮಡಚಿಟ್ಟಿರುತ್ತಿತ್ತು. ವಯಸ್ಸಾದಂತೆ ಮನುಷ್ಯರು ಅಚ್ಚುಕಟ್ಟಾಗುತ್ತಾರೆ ಎಂದುಕೊಂಡೆ.

ಒಂದು ಸುಳ್ಳು ಹೇಳಿದವನು ಅದನ್ನು ಸಾಕಲು ಮತ್ತೆ ಹತ್ತು ಹೇಳಬೇಕಾಗುತ್ತದೆ. ದಿನದ ಓದು ಯೆಶಾಯನ ಪುಸ್ತಕಕ್ಕೆ ಬಂದಾಗ ನನ್ನ ಊಟ ಕಡಿಮೆಯಾಗುತ್ತಿತ್ತು. ಮೊದಲ ಸುತ್ತಿನಲ್ಲಿ ಮೂವತ್ತೇಳು ಓದಿದ ಮರುದಿನ ಸೀದಾ ಮೂವತ್ತೊಂಬತ್ತಕ್ಕೆ ಹಾರಿದೆ. ಅವ್ವ ಆಮೆನ್ ಅನ್ನುವ ಬದಲು, "ನಡುವಿಂದು ಎಲ್ಲಿ ಹೋತೋ?" ಎಂದಳು.

"ನಿನ್ನೆ ಎರಡೂ ಕೂಡೇ ಓದಿದ್ನಲ್ಲಬೇ."

"ಓದಿರಬೇಕು ಬಿಡು. ನನಗ ತೂಕಡಿಕಿ ಬಂದಿತ್ತೇನೋ" ಎಂದು ರಾಟೆಯ ಕಡೆ ತಿರುಗಿದಳು. ಆ ಹದಿನೈದು ವರ್ಷಗಳಲ್ಲಿ ಆ ಅಧ್ಯಾಯ ನಾಲ್ಕು ಸಲ ಬಂತು, ನಾಲ್ಕೂ ಸಲ ಹಾರಿಸಿದೆ. ಆಮೇಲಿನ ಮೂರು ಸಲ ಅವಳು ಕೇಳಲೇ ಇಲ್ಲ. ಅದು ನನಗೆ ಇನ್ನೂ ಹೆಚ್ಚು ಚುಚ್ಚಿತು. ದೇವಾಲಯದಲ್ಲಿ ಸುಳ್ಳಿನ ಮೇಲೆ ಯಾರಾದರೂ ಪ್ರಸಂಗ ಮಾಡಿದರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಜಾತಿ ನನ್ನದಾಗುತ್ತಿತ್ತು.

ಇದರ ಮೇಲೆ ಇನ್ನೊಂದು ಪೀಕಲಾಟ. "ಸುಂದರವ್ವಗ ದೇವರು ಹದಿನೈದು ವರ್ಷ ಕೊಟ್ಟಾನ" ಎಂದು ಸಭೆಯಲ್ಲೆಲ್ಲ ಮಾತಾಯಿತು. ಮೊದಮೊದಲು ಅದು ಹಿತವಾಗಿಯೇ ಇತ್ತು. ಹತ್ತು ದಾಟಿದ ಮೇಲೆ ನಾನು ಎಣಿಸತೊಡಗಿದೆ. ಹದಿನೈದು ಎಂದು ಬಾಯಿಂದ ಆಡಿದವನು ನಾನು. ಆ ಮಾತೇ ಗಡುವಾಗಿಬಿಟ್ಟರೆ? ಶಾಲೆಯಲ್ಲಿ ಕಳೆಯುವ ಲೆಕ್ಕ ಬಿಡಿಸುವಾಗಲೂ ಅದೇ ನೆನಪು. ಉಳಿದದ್ದು ನಾಲ್ಕು, ಉಳಿದದ್ದು ಮೂರು.

ಎಂಬತ್ತಾರು ಮುಗಿಯಿತು. ಕೊನೆಯ ತಿಂಗಳು ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಎಂಬತ್ತೇಳರ ಹೊಸವರ್ಷದ ಬೆಳಿಗ್ಗೆ ಅವ್ವ ತಾನೇ ಎದ್ದು ಸ್ನಾನ ಮಾಡಿ, ನನ್ನ ತೋಳಿನ ಆಸರೆಯಿಲ್ಲದೆ ದೇವಾಲಯಕ್ಕೆ ನಡೆದಳು, ಆ ವರ್ಷದ ಚೀಟಿ ತೆಗೆದಳು, ಮನೆಗೆ ಬಂದು ಹೊಟ್ಟೆ ತುಂಬ ಉಂಡಳು. ಗಡುವು ದಾಟಿತ್ತು. ಏನೂ ಆಗಲಿಲ್ಲ. ನನ್ನ ಮೂರ್ಖತನಕ್ಕೆ ನನಗೇ ನಗು ಬಂತು, ಜೊತೆಗೆ ಅಳುವೂ ಬಂತು. ಆ ಹಗುರದಲ್ಲೇ, ಮಗ್ಗದ ಮೂಲೆಯ ಬಿಸಿಲಿನಲ್ಲಿ ಕೂತಿದ್ದ ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ.

"ಅವ್ವಾ, ಅಂದು ನಾ ಸುಳ್ಳು ಓದಿದೆ. ಚೀಟಿಯೊಳಗ ಐದು ಇದ್ದಿದ್ದಿಲ್ಲ. ಒಂದು ಇತ್ತು."

ಅವ್ವ ನಕ್ಕಳು. "ಗೊತ್ತೈತೋ."

"ನಿನಗ ಹ್ಯಾಂಗ ಗೊತ್ತು?"

"ಅಕ್ಷರ ಬರೂದಿಲ್ಲ, ಅಂಕಿ ಬರೂದಿಲ್ಲೇನು? ಹಲಗಿ ನೋಡಿ ಹಾಡಿನ ಪುಸ್ತಕ ತಗೀತಿದ್ದೆ, ಯಾರ ಕಲಿಸಿದ್ರು ಅಂತ ಕೇಳಿದ್ಯಾ ಒಂದಿನಾ? ನಿಮ್ಮಪ್ಪ ಎಳಿ ಎಣಸೂಮುಂದ ಕಲಿಸಿದ್ದ. ಮೂವತ್ತೆಂಟು, ಮುಂದ ಒಂದು. ಕೆಂಪಗ ಇತ್ತು. ನೀ ಯೆಶಾಯ ಅಂದಿ. ಅದರ ಮೊದಲನೇ ವಚನ ಏನಂತ ನನಗ ಗೊತ್ತಿಲ್ಲೇನು? ಪಾಪ, ನಿನ್ನ ಬೆಳ್ಳ ನಡಗೂದ ನೋಡಿ ಸುಮ್ಮಾದೆ."

ಒಂದೊಂದೇ ನೆನಪಿಗೆ ಬಂತು. ದಿನಾ ಸಂಜೆ ತಿಕ್ಕಿ ಬೋರಲು ಹಾಕಿದ ಪಾತ್ರೆಗಳು, ಹಿಂತಿರುಗಿಸಿದ ಜರಡಿ, ನೀಲವ್ವನ ಹೊಸ್ತಿಲು, ಬಿಳಿ ಸೀರೆ. ಹದಿನೈದು ವರ್ಷ ಅವಳು ಮನೆಯ ವ್ಯವಸ್ಥೆ ಮಾಡಿಕೊಳ್ಳುತ್ತಲೇ ಬದುಕಿದ್ದಳು. ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ. "ಮೊದಲ ಆಗಿತ್ತು. ಆಮ್ಯಾಲ ರೂಢಿ ಆತು. ದಿನಾ ಬೆಳಗಾತಂದ್ರ, ಇದೊಂದು ಹೆಚ್ಚಿಗಿ ಸಿಕ್ತು ಅಂತ ಏಳತಿದ್ದೆ" ಎಂದಳು. ಆಮೇಲೆ ಕೊರಳಿನ ದಾರ ತೆಗೆದು, "ತಾ ಕತ್ತರಿ, ನೀನ ನೋಡು" ಎಂದಳು.

ಬಟ್ಟೆ ಮಾಸಿ ಕಂದಾಗಿತ್ತು, ಹೊಲಿಗೆ ಅದೇ ಹಳೆಯದು. ಅವ್ವನೇ ಒಂದೊಂದೇ ಎಳೆ ಕತ್ತರಿಸಿ ಸುರುಳಿ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ಕೆಂಪು ಶಾಯಿ ಮಾಸಿತ್ತಾದರೂ ಸ್ಪಷ್ಟವಾಗಿತ್ತು. ಯೆಶಾಯ ೩೮:೫.

ನನ್ನ ಕಣ್ಣನ್ನು ನಾನು ನಂಬದೆ ಅವಳಿಗೆ ತೋರಿಸಿದೆ. ಅವ್ವ ಚೀಟಿಯನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದಳು. "ಇದು ಐದಲ್ಲೇನೋ?" ಎಂದಳು. ಹೌದೆಂದೆ. ಮೊದಲು ನನಗಾದದ್ದು ಸಂತೋಷವೇ. ಹಾಗಾದರೆ ನಾನು ಸುಳ್ಳು ಓದಿರಲಿಲ್ಲ! ಆದರೆ ಅವ್ವನ ಮುಖ ನೋಡಿದೆ. ಹದಿನೈದು ವರ್ಷ ಸಾವಿನ ಚೀಟಿಯನ್ನು ಕೊರಳಲ್ಲಿ ಕಟ್ಟಿಕೊಂಡು ನಗುನಗುತ್ತ ಇದ್ದವಳ ಮುಖ ಮೊದಲ ಸಲ ಬಿಳುಚಿತ್ತು. ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಿದ್ದಳು.

"ಹಂಗಾದ್ರ ಇವತ್ತಿಗೆ ಮುಗೀತಲ್ಲೋ ತಮ್ಮಾ."

ಏನೇನೋ ಹೇಳಿದೆ. ನಾವಿಬ್ಬರೂ ಅಂದು ತಪ್ಪಾಗಿ ಓದಿರಬೇಕು ಎಂದೆ, ಇದು ಬರೀ ಕಾಗದ ಎಂದೆ. ಆ ರಾಜನಂತೆ ನಾವೂ ಪ್ರಾರ್ಥನೆ ಮಾಡೋಣ, ಮತ್ತೆ ಕೇಳೋಣ ಎಂದೆ. ಅವ್ವ ತಲೆಯಲ್ಲಾಡಿಸಿ, "ಅಂವಾ ಎರಡನೇ ಸಲ ಕೇಳಿಲ್ಲ" ಎಂದಳು. ಅಂದು ಸಂಜೆಯೂ ಪಾತ್ರೆ ತಿಕ್ಕಿ ಬೋರಲು ಹಾಕಿದಳು.

ಮುಂದಿನ ಐದು ದಿನ ಅವಳಿಗೆ ಜ್ವರವಿಲ್ಲ, ಕೆಮ್ಮಿಲ್ಲ, ನೋವಿಲ್ಲ. ರಾಟೆ ಮಾತ್ರ ಮುಟ್ಟಲಿಲ್ಲ. ಮೂರನೇ ದಿನ ಬಾಗಲಕೋಟೆಗೆ ಹೋಗೋಣ ಎಂದು ಜೀಪು ತರಿಸಿದೆ, ಹತ್ತಲು ಒಪ್ಪಲಿಲ್ಲ. ಆರನೇ ದಿನ ದೀಪ ಹಚ್ಚಿದ ಮೇಲೆ ಎಂದಿನಂತೆ ಅಂದಿನ ಅಧ್ಯಾಯ ಓದಿದೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ಓದಿ ನಿಲ್ಲಿಸಿದೆ. ಆಮೆನ್ ಬರಲಿಲ್ಲ. ತಲೆ ಎತ್ತಿ ನೋಡಲು ಹೆದರಿ ಕೊನೆಯ ವಚನವನ್ನು ಇನ್ನೊಮ್ಮೆ ಓದಿದೆ. ಆಗಲೂ ಬರಲಿಲ್ಲ. ಸುಶೀಲಾ ಒಳಗಿನಿಂದ ಓಡಿ ಬಂದಳು.

ಮಣ್ಣಿನ ಕಾರ್ಯ ಮುಗಿದ ಮೇಲೆ ಸುಶೀಲಾಳಿಗೆ ಎಲ್ಲವನ್ನೂ ಹೇಳಿ, ಎಂದಾದರೂ ಆ ಹೊಲಿಗೆ ಬಿಚ್ಚಿದ್ದೆಯಾ ಎಂದು ಕೇಳಿದೆ. "ಅತ್ತಿ ಜಳಕಕ್ಕ ಹೋದಾಗೂ ಅದನ್ನ ತಗೀತಿದ್ದಿಲ್ರಿ. ಯಾರು ಬಿಚ್ಚತಾರ?" ಎಂದು ಅತ್ತಳು. ಬದಲಿ ಚೀಟಿ ಎನ್ನೋಣವೆಂದರೆ ಕೆಂಪು ಶಾಯಿಯದು ನಾನು ಬರೆದದ್ದೇ ಒಂದು. ನಾನೊಬ್ಬನೇ ತಪ್ಪು ಓದಿದೆ ಎನ್ನೋಣವೆಂದರೆ ಅವ್ವನೂ ಒಂದು ಎಂದೇ ಕಂಡಿದ್ದಳು. ವಯಸ್ಸಾದ ಜೀವ, ವೀಕಾದ ಹೃದಯ, ಹೋಗುವ ಹೊತ್ತು ಬಂದಿತ್ತು ಎಂದು ಅಯ್ಯನವರು ಸಮಾಧಾನ ಹೇಳಿದರು. ಇರಬಹುದು. ಆದರೆ ನನ್ನನ್ನು ಕೊರೆಯುವುದು ಅಂಕಿ ಹೇಗೆ ಬದಲಾಯಿತು ಎಂಬುದಲ್ಲ. ನನ್ನ ಮನಸ್ಸು ಹಗುರಾಗಲೆಂದು ನಾನು ಬಾಯಿಬಿಡದಿದ್ದರೆ, ಆ ಹೊಲಿಗೆ ಬಿಚ್ಚದಿದ್ದರೆ, ಅವ್ವ ಇನ್ನೂ ಎಷ್ಟು ಬೆಳಗು ಏಳುತ್ತಿದ್ದಳು?

ಈಗಲೂ ದಿನಾ ಸಂಜೆ ಒಂದು ಅಧ್ಯಾಯ ಓದುತ್ತೇನೆ. ಮೂವತ್ತೆಂಟನ್ನು ಹಾರಿಸುವುದಿಲ್ಲ, ಮೊದಲನೇ ವಚನದಿಂದ ಗಟ್ಟಿಯಾಗಿ ಓದುತ್ತೇನೆ. ವಾಗ್ದಾನದ ಚೀಟಿ ಬರೆಯುವ ಕೆಲಸ ಬಿಟ್ಟುಕೊಟ್ಟೆ. ಅವ್ವನ ಚೀಟಿಯನ್ನು ಅದೇ ದಡಿಯ ತುಂಡಿನಲ್ಲಿಟ್ಟು ಸುಶೀಲಾ ಮತ್ತೆ ಹೊಲಿದಳು. ಅದು ಟ್ರಂಕಿನಲ್ಲಿ, ಬಿಳಿ ಸೀರೆ ಇದ್ದ ಜಾಗದಲ್ಲಿ ಇದೆ. ಒಮ್ಮೆ ಬಿಚ್ಚಿ ನೋಡಿ, ನಿಮ್ಮ ಕಣ್ಣಿನದೇ ತಪ್ಪಿರಬಹುದು ಎಂದು ಕೇಳಿದವರೆಲ್ಲ ಹೇಳುತ್ತಾರೆ. ಎರಡು ಸಲ ಕತ್ತರಿ ಹಿಡಿದು ಟ್ರಂಕಿನ ಮುಂದೆ ಕೂತಿದ್ದೇನೆ. ಈಗ ಅದರಲ್ಲಿ ಯಾವ ಅಂಕಿ ಇದೆಯೋ ಎಂದು ಹೆದರಿ, ಎರಡು ಸಲವೂ ಮುಚ್ಚಳ ಹಾಕಿ ಎದ್ದು ಬಂದಿದ್ದೇನೆ.